ಏಪ್ರಿಲ್ 10ಕ್ಕೆ ಅರವತ್ತು ಜನಕ್ಕೆ ತಿಂಡಿ, ಅಷ್ಟರೊಳಗೆ ಬೇಸಿಗೆ ರಜೆಗೆ ನಲಿಕಲಿ ಕೊಠಡಿಯ ಸಾಮಾನೂ ಕಟ್ಟಿಡಬೇಕು. ನೀವೆಲ್ಲಾ ಹೇಗೆ ಮಾಡುತ್ತೀರಿ?

ತೆಂಗಿನತೋಟದ ಮಿಸ್ (ತಿಪಟೂರು ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಹಿರಿಯ ಪ್ರಾಥಮಿಕ ಶಾಲೆ. ನಾನು ನಲಿಕಲಿ, ಅಂದರೆ ಚಿಕ್ಕ ತರಗತಿಯ ಮಕ್ಕಳು ಕಾರ್ಡು ಹಿಡಿದು ಚಟುವಟಿಕೆ ಮಾಡುತ್ತಾ ಕಲಿಯುವ ತರಗತಿ, ನೋಡಿಕೊಳ್ಳುತ್ತೇನೆ. ಏಪ್ರಿಲ್ 10ಕ್ಕೆ ಫಲಿತಾಂಶ, ಅವತ್ತೇ ಏಳನೇ ತರಗತಿಯ 14 ಮಕ್ಕಳಿಗೆ ಬೀಳ್ಕೊಡುಗೆ. ಮಕ್ಕಳು, ಪೋಷಕರು, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಎಲ್ಲಾ ಸೇರಿ ಅರವತ್ತು ಜನ ಆಗುತ್ತಾರೆ. ಅಡುಗೆಮನೆಯಲ್ಲಿ ಬಿಸಿಯೂಟದ ಕೆಲಸ ನಡೆಯುತ್ತಿರುತ್ತದೆ, ಒಲೆ ಕೇಳುವ ಹಾಗಿಲ್ಲ. ಮೂವರು ಶಿಕ್ಷಕರು ಸೇರಿ 1500 ರೂಪಾಯಿ ಹಾಕುತ್ತಿದ್ದೇವೆ. ಉಳಿದಿರುವುದು ನಾಲ್ಕೇ ದಿನ.

ಕಳೆದ ವರ್ಷ ತಿಂಡಿಯಲ್ಲೂ ಎಡವಿದೆ, ಕೊಠಡಿಯಲ್ಲೂ ಎಡವಿದೆ. ಅದಕ್ಕೇ ಈ ಸಲ ಮೊದಲೇ ಕೇಳುತ್ತಿದ್ದೇನೆ. ಕೋಸಂಬರಿಯನ್ನು ಬೆಳಿಗ್ಗೆ ಆರಕ್ಕೇ ಮನೆಯಲ್ಲಿ ಕಲಸಿ, ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ ಬಸ್ಸಿನಲ್ಲಿ ತಂದೆ. ಹನ್ನೊಂದೂವರೆಗೆ ಮುಚ್ಚಳ ತೆಗೆದರೆ ಕಾಲು ಡಬ್ಬಿ ನೀರು ನಿಂತಿತ್ತು, ಕಾಯಿತುರಿ ಹುಳಿ ವಾಸನೆ ಹೊಡೆಯುತ್ತಿತ್ತು. ಒಂದನೇ ತರಗತಿಯ ಪುಟ್ಟಿ ಮೂಗು ಮುಚ್ಚಿಕೊಂಡು "ಮಿಸ್, ಇದು ಹುಳಿ ಕೋಸಂಬರಿನಾ?" ಅಂದಳು. ಎಲ್ಲಾ ಎಮ್ಮೆ ಬಾನಿಗೆ ಹೋಯಿತು.

ಕೊಠಡಿ ಕಥೆ ಇನ್ನೂ ಚೆನ್ನಾಗಿದೆ. ಕಾರ್ಡುಗಳನ್ನೆಲ್ಲಾ ರಟ್ಟಿನ ಪೆಟ್ಟಿಗೆಗೆ ಹಾಕಿ ಹೋಗಿದ್ದೆ. ಮೇ 29ಕ್ಕೆ ಬಂದು ತೆಗೆದರೆ ಇಲಿ ಬಾಣಂತನ ಮುಗಿಸಿಕೊಂಡು ಹೋಗಿತ್ತು. ಕನ್ನಡ ಕಾರ್ಡುಗಳ ಮೂಲೆ ಒಂದೂ ಉಳಿದಿರಲಿಲ್ಲ. ಗಣಿತದ ಕಾರ್ಡುಗಳನ್ನು ಮುಟ್ಟಿಯೇ ಇರಲಿಲ್ಲ. ಇಲಿಗೂ ಗಣಿತ ಅಂದರೆ ಭಯ ಅಂತ ನಮ್ಮ ಸರ್ ಒಬ್ಬರು ವಾರವೆಲ್ಲಾ ನಕ್ಕರು.

ಒಲೆ ಬೇಡದ, ಬಿಸಿಲಿಗೆ ಕೆಡದ ತಿಂಡಿ ಹೇಳಿ. ಕೊಠಡಿಗೂ ಉಪಾಯ ಹೇಳಿ.

ಧಾರವಾಡದ ಅಕ್ಕೋರು

ಮಿಸ್, ಯೋಚನೆ ಯಾಕೆ? ಗಿರ್ಮಿಟ್ ಮಾಡಿ. ನಾವು ಚುರುಮುರಿ ಅನ್ನುತ್ತೇವೆ, ನಿಮ್ಮ ಕಡೆ ಕಡ್ಲೆಪುರಿ ಅಲ್ವಾ? ಅದೇ.

ಮುಖ್ಯ ಇರುವುದು ಗೊಜ್ಜಿನಲ್ಲಿ. ಅದನ್ನು ಬೆಳಿಗ್ಗೆ ಮನೆಯಲ್ಲೇ ಮಾಡಿಕೊಂಡು ಬನ್ನಿ. ಎಣ್ಣೆ ಸ್ವಲ್ಪ ಧಾರಾಳ ಇರಲಿ. ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ. ಆಮೇಲೆ ಉಳ್ಳಾಗಡ್ಡಿ ಹಾಕಿ ಮೆತ್ತಗಾಗುವ ತನಕ ಬಾಡಿಸಿ, ಟೊಮೆಟೊ, ಅರಿಶಿನ, ಉಪ್ಪು. ಕೊನೆಗೆ ಹುಣಸೆರಸ, ಬೆಲ್ಲ. ಎಣ್ಣೆ ಬಿಡುವ ತನಕ ಕುದಿಸಿ. ಕಾಯಿ ಮಾತ್ರ ಹಾಕಬೇಡಿ. ಕಾಯಿ ಇಲ್ಲದ, ಹುಳಿ ಇರುವ ಗೊಜ್ಜು ಮಧ್ಯಾಹ್ನದ ತನಕ ಏನೂ ಆಗುವುದಿಲ್ಲ. ತಿಪಟೂರಿನವರಿಗೆ ಕಾಯಿ ಬೇಡ ಅಂತ ಹೇಳುವುದು ಕಷ್ಟದ ಕೆಲಸ, ಆದರೂ ಹೇಳುತ್ತಿದ್ದೇನೆ.

ಅರವತ್ತು ಜನಕ್ಕೆ ಚುರುಮುರಿ ಎರಡೂವರೆ ಕೆ.ಜಿ. ಸಾಕು. ಚೀಲ ನೋಡಿದರೆ ಊರಿಗೆಲ್ಲಾ ಆಗುತ್ತದೆ ಅನಿಸುತ್ತದೆ, ಗೊಜ್ಜು ಬಿದ್ದ ಮೇಲೆ ಕುಗ್ಗುತ್ತದೆ. ಗೊಜ್ಜಿಗೆ ಉಳ್ಳಾಗಡ್ಡಿ ಒಂದೂವರೆ ಕೆ.ಜಿ., ಟೊಮೆಟೊ ಅಷ್ಟೇ. ಮೇಲೆ ಹಾಕಲು ಹಸಿ ಉಳ್ಳಾಗಡ್ಡಿ ಒಂದು ಕೆ.ಜಿ., ಸೇವು ಒಂದು ಕೆ.ಜಿ., ಪುಠಾಣಿ ಅರ್ಧ ಕೆ.ಜಿ. ಪುಡಿ ಮಾಡಿದ್ದು. ನೀವು ಅದನ್ನು ಹುರಿಗಡಲೆ ಅನ್ನುತ್ತೀರಿ. ಈ ಪುಡಿ ಬಿಟ್ಟರೆ ಅದು ಗಿರ್ಮಿಟ್ಟೇ ಅಲ್ಲ. ಗೊಜ್ಜಿನ ಪಸೆಯನ್ನು ಅದೇ ಹೀರಿಕೊಳ್ಳುತ್ತದೆ, ಇಲ್ಲದಿದ್ದರೆ ಚುರುಮುರಿ ಎರಡೇ ನಿಮಿಷಕ್ಕೆ ಮುದ್ದೆ.

ಒಟ್ಟಿಗೆ ಕಲಸಬೇಡಿ. ಹತ್ತು ಜನಕ್ಕೆ ಆಗುವಷ್ಟು ಬೋಗುಣಿಯಲ್ಲಿ ಕಲಸಿ, ಕೊಟ್ಟು, ಆಮೇಲೆ ಮುಂದಿನದು. ಚುರುಮುರಿ ಮೆತ್ತಗಿದ್ದರೆ ಹಳೇ ಸೀರೆ ಮೇಲೆ ಬಿಸಿಲಿಗೆ ಹರವಿ. ಏಪ್ರಿಲ್ ಬಿಸಿಲಿಗೆ ಕಾಲು ಗಂಟೆಯಲ್ಲಿ ಗರಿಗರಿ ಆಗುತ್ತದೆ.

ಸುಮ್ನೆ ಒಬ್ಬ ಸರ್

ಇಷ್ಟೆಲ್ಲಾ ಯಾಕೆ? ಹತ್ತು ರೂಪಾಯಿ ಚಿಪ್ಸ್ ಪೊಟ್ಟಣ, ಒಂದು ಕೂಲ್‌ಡ್ರಿಂಕ್ಸ್. 1500ರೊಳಗೆ ಮುಗಿಯುತ್ತದೆ. ಪಾತ್ರೆ ತೊಳೆಯುವುದೂ ಇಲ್ಲ.

ಧಾರವಾಡದ ಅಕ್ಕೋರು

ಸರ್, ಪಾತ್ರೆ ತೊಳೆಯುವುದಿಲ್ಲ, ಪೊಟ್ಟಣ ಆರಿಸುವುದು ಇದೆಯಲ್ಲ! ಒಂದು ವರ್ಷ ನಾವೂ ಹಾಗೇ ಮಾಡಿದೆವು. ರಜೆ ಮುಗಿಸಿ ಬಂದಾಗಲೂ ಬೇಲಿಯಲ್ಲಿ ಪೊಟ್ಟಣ ನೇತಾಡುತ್ತಿತ್ತು.

ಬಿಸಿಲೂರಿನ ಮೇಷ್ಟ್ರು (ಕಲಬುರಗಿ ಜಿಲ್ಲೆ)

ನಮ್ಮಲ್ಲಿ ಏಪ್ರಿಲ್ ಅಂದರೆ ಬೆಳಗಿನ ಶಾಲೆ. ಹನ್ನೊಂದರ ಹೊತ್ತಿಗೆ ಹೊರಗೆ ನಿಲ್ಲುವ ಹಾಗಿಲ್ಲ, ಮಧ್ಯಾಹ್ನಕ್ಕೆ 40 ಡಿಗ್ರಿ ದಾಟುವುದೂ ಉಂಟು. ಹಾಗಾಗಿ ನಾನು ತಿಂಡಿಗಿಂತ ಮೊದಲು ಕುಡಿಯುವುದರ ಬಗ್ಗೆ ಯೋಚಿಸುತ್ತೇನೆ.

ಪಾನಕಕ್ಕೆ ಒಂದು ಲೀಟರ್ ನೀರಿಗೆ ನೂರು, ನೂರಿಪ್ಪತ್ತು ಗ್ರಾಂ ಬೆಲ್ಲ. ಅರವತ್ತು ಲೋಟಕ್ಕೆ 12 ಲೀಟರ್, ಅಂದರೆ ಒಂದೂವರೆ ಕೆ.ಜಿ. ಬೆಲ್ಲ ಇಟ್ಟುಕೊಳ್ಳಿ. ಬೆಲ್ಲವನ್ನು ಹಿಂದಿನ ರಾತ್ರಿಯೇ ಸ್ವಲ್ಪ ನೀರಿನಲ್ಲಿ ಕರಗಿಸಿ, ಒಂದು ಕುದಿ ಬರಿಸಿ, ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿ. ಸೋಸದಿದ್ದರೆ ಕೊನೆ ಲೋಟದವರಿಗೆ ಮರಳು ಸಿಗುತ್ತದೆ. ಆ ಕೊನೆಯವರು ಯಾವಾಗಲೂ ಎಸ್‌ಡಿಎಂಸಿ ಅಧ್ಯಕ್ಷರೇ ಆಗಿರುತ್ತಾರೆ, ನೋಡಿ. ಶಾಲೆಯಲ್ಲಿ ನೀರು ಬೆರೆಸಿ ಏಲಕ್ಕಿ, ಒಣಶುಂಠಿ, ಚಿಟಿಕೆ ಉಪ್ಪು ಹಾಕಿ. ನಿಂಬೆ ಕೊಡುವ ಮುಂಚೆ ಹಿಂಡಿದರೆ ಸಾಕು.

ಮಜ್ಜಿಗೆ ಆದರೆ ಒಂದು ಲೀಟರ್ ಮೊಸರಿಗೆ ಮೂರು ಲೀಟರ್ ನೀರು. ಅದು ಬೇಗ ಹುಳಿ ಬರುತ್ತದೆ, ಮೊಸರನ್ನು ತಣ್ಣಗೆ ತಂದು ಅಲ್ಲೇ ಕಡೆಯಬೇಕು. ಬಸ್ಸಿನಲ್ಲಿ ಬರುವವರಿಗೆ ಪಾನಕವೇ ಸುಲಭ.

ಒಂದು ಮಾತು. ಅಂಗಡಿಯಿಂದ ಐಸ್ ಗಡ್ಡೆ ತರಿಸಬೇಡಿ. ಅದರ ನೀರು ಎಲ್ಲಿಯದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮಣ್ಣಿನ ಗಡಿಗೆಗೆ ಒದ್ದೆ ಗೋಣಿಚೀಲ ಸುತ್ತಿ ನೆರಳಲ್ಲಿ ಇಡಿ. ಗಾಳಿ ಆಡುವ ಜಾಗ ಆಗಿರಬೇಕು, ಮೂಲೆಗೆ ಇಟ್ಟರೆ ತಣ್ಣಗಾಗುವುದಿಲ್ಲ.

ಹಂಚಿನ ಸೂರು (ತೀರ್ಥಹಳ್ಳಿ ಕಡೆ)

ತಿಂಡಿ ಅವರಿವರು ಹೇಳಿದ್ದಾರೆ. ನಾನು ಕೊಠಡಿಗೆ ಬರುತ್ತೇನೆ. ನಮ್ಮದು ಹಂಚಿನ ಮಾಡು. ಅಶ್ವಿನಿ, ಭರಣಿ ಮಳೆ ಬರುವುದು ನಾವು ರಜೆಯಲ್ಲಿ ಇರುವಾಗಲೇ. ಮಂಗ ಒಂದು ಹಂಚು ಸರಿಸಿದರೆ ಮುಗಿಯಿತು.

ನಾನು ಕಲಿತದ್ದು ಇಷ್ಟು. ನೆಲದ ಮೇಲೆ ಏನನ್ನೂ ಇಡಬೇಡಿ, ಗೋಡೆಗೆ ತಾಗಿಸಿಯೂ ಇಡಬೇಡಿ, ಗೆದ್ದಲು ಬರುವುದು ಅಲ್ಲಿಂದಲೇ. ಎರಡು ಬೆಂಚು ಕೊಠಡಿಯ ನಡುವೆ ಹಾಕಿ ಅದರ ಮೇಲೆ ಪೆಟ್ಟಿಗೆ ಇಡಿ. ನಡುವೆ ಅಂದರೆ ಪಕಾಸಿಯಿಂದ (ಹಂಚು ಹೊರುವ ಮರದ ಪಟ್ಟಿ) ನೀರು ತೊಟ್ಟಿಕ್ಕುವ ಜಾಗದ ಕೆಳಗೆ ಅಲ್ಲ, ನೆಲದಲ್ಲಿ ಹಳೇ ಕಲೆ ನೋಡಿದರೆ ಗೊತ್ತಾಗುತ್ತದೆ. ಮೇಲೆ ಗೊಬ್ಬರದ ಚೀಲ ಬಿಚ್ಚಿ ಹೊದಿಸಿ.

ರಬ್ಬರ್ ಬ್ಯಾಂಡ್ ಹಾಕಿ ಕಾರ್ಡು ಕಟ್ಟಬೇಡಿ. ಸೆಕೆಗೆ ಕರಗಿ ಕಾರ್ಡಿಗೇ ಮೆತ್ತಿಕೊಳ್ಳುತ್ತದೆ, ಕೀಳಲು ಹೋದರೆ ಬಣ್ಣವೂ ಬರುತ್ತದೆ. ಹಳೇ ಲಂಗದ ಲಾಡಿ ಅಥವಾ ಸೀರೆಯ ಅಂಚು ಹರಿದುಕೊಳ್ಳಿ. ಲ್ಯಾಮಿನೇಟ್ ಮಾಡಿದ ಕಾರ್ಡುಗಳ ನಡುವೆ ಪೇಪರ್ ಹಾಳೆ ಇಡಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟುತ್ತವೆ. ಮೇಣದ ಬಣ್ಣದ ಕಡ್ಡಿಗಳನ್ನು ಕಿಟಕಿ ಹತ್ತಿರ ಬಿಟ್ಟು ಹೋಗಿ ನಾನು ಒಂದು ಸಲ ಕಾಮನಬಿಲ್ಲಿನ ಮುದ್ದೆ ಮಾಡಿದ್ದೇನೆ.

ನಿವೃತ್ತ ಮೇಷ್ಟ್ರು (ಮೈಸೂರು)

ತಿಪಟೂರಿನ ಮಗಳೇ, ಒಂದು ಪ್ರಶ್ನೆ. ಕನ್ನಡ ಕಾರ್ಡು ಹರಿದಾಗ ಏನು ಹಾಕಿ ಅಂಟಿಸಿದ್ದಿರಿ? ಮೈದಾ ಅಂಟಾ?

ತೆಂಗಿನತೋಟದ ಮಿಸ್

ಅಯ್ಯೋ, ಹೌದು ಸರ್! ಮಕ್ಕಳು ಜಾಸ್ತಿ ಬಳಸಿದ್ದು ಕನ್ನಡದ್ದೇ. ರಟ್ಟು ಕೊಟ್ಟು ಮೈದಾ ಅಂಟು ಹಾಕಿಯೇ ಸರಿ ಮಾಡಿದ್ದೆ. ಗಣಿತದ್ದು ಹಾಗೇ ಇತ್ತು.

ನಿವೃತ್ತ ಮೇಷ್ಟ್ರು (ಮೈಸೂರು)

ಹಾಗಾದರೆ ಇಲಿಗೆ ಗಣಿತದ ಭಯ ಅಲ್ಲ. ನೀವು ಕನ್ನಡದಲ್ಲಿ ಊಟ ಹಾಕಿದ್ದೀರಿ. ಮೈದಾ ಅಂಟು ಇಲಿ, ಜಿರಲೆ ಎರಡಕ್ಕೂ ಹಬ್ಬ. ಮಾಡಲೇಬೇಕಾದರೆ ಸ್ವಲ್ಪ ಮೈಲುತುತ್ತ ಬೆರೆಸುತ್ತಿದ್ದರು ಹಿಂದೆ. ಅದು ವಿಷ, ಮಕ್ಕಳ ಕೈಗೆ ಬರುವ ಕಾರ್ಡಿಗೆ ಖಂಡಿತ ಬೇಡ. ಅಂಗಡಿಯ ಬಿಳಿ ಗೋಂದು ತನ್ನಿ. ನುಸಿಗುಳಿಗೆಯೂ ಹಾಗೇ, ಮಕ್ಕಳು ಪೆಪ್ಪರ್‌ಮಿಂಟ್ ಅಂದುಕೊಂಡಾರು. ಒಣಗಿದ ಬೇವಿನ ಸೊಪ್ಪು ಹಾಕಿ, ತಗಡಿನ ಟ್ರಂಕಿನಲ್ಲಿ ಇಡಿ. ಬೇವು ಹುಳಕ್ಕೆ, ಟ್ರಂಕು ಇಲಿಗೆ.

ಈ ಕಾರ್ಡುಗಳ ಬಗ್ಗೆ ನನಗೆ ಸ್ವಲ್ಪ ಮೋಹ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿಕಲಿ ಶುರುವಾದಾಗ ನಮ್ಮಂಥ ಶಿಕ್ಷಕರೇ ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡಿಬಂದು, ಕೂತು, ಕಾರ್ಡು ತಯಾರು ಮಾಡಿದವರು. 2009-10ರಲ್ಲಿ ರಾಜ್ಯಕ್ಕೆಲ್ಲಾ ಬಂತು. ಮಗು ಯಾವ ಕಾರ್ಡಿನ ನಂತರ ಯಾವುದು ಕಲಿಯಬೇಕು ಅಂತ ತೋರಿಸುವ ಕಲಿಕಾ ಏಣಿಯಲ್ಲಿ ಒಂದು ಮೆಟ್ಟಿಲಿನ ಕಾರ್ಡು ಕಳೆದರೆ ಮಗು ಅಲ್ಲೇ ನಿಲ್ಲುತ್ತದೆ. ಪಠ್ಯಪುಸ್ತಕದ ಹಾಳೆ ಹರಿದಂತೆ ಅಲ್ಲ ಅದು, ಪಕ್ಕದವನ ಪುಸ್ತಕ ನೋಡಿಕೊಳ್ಳುವ ಹಾಗಿಲ್ಲ.

ಹಾಗಾಗಿ ಕಟ್ಟುವ ಮೊದಲು ಎಣಿಸಿ. ಮೈಲಿಗಲ್ಲಿನ, ಅಂದರೆ ಏಣಿಯ ಹಂತದ, ಪ್ರಕಾರ ಕಟ್ಟು ಮಾಡಿ. ಪ್ರತಿ ಕಟ್ಟಿನ ಮೇಲೆ ಒಂದು ಚೀಟಿ, ಎಷ್ಟು ಇರಬೇಕು, ಎಷ್ಟು ಇದೆ, ಯಾವುದು ಇಲ್ಲ. ಆ ಇಲ್ಲದ್ದನ್ನೆಲ್ಲಾ ಒಂದೇ ಹಾಳೆಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ. ಮೇ ಕೊನೆಯಲ್ಲಿ ದಾಖಲಾತಿ ಗಲಾಟೆ ಶುರುವಾದ ಮೇಲೆ ಎಣಿಸುತ್ತೇನೆ ಅಂದರೆ ಆಗುವುದಿಲ್ಲ. ಜಾಗಕ್ಕೆ ಹಳೇ ಸೀರೆ ಪೆಟ್ಟಿಗೆ ಚೆನ್ನ, ಬಟ್ಟೆ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಅವನ್ನು ಟ್ರಂಕಿನೊಳಗೆ ಜೋಡಿಸಿ.

ಎರಡು ಮಕ್ಕಳ ತಂದೆ

ನಾನು ಶಿಕ್ಷಕ ಅಲ್ಲ, ಪೋಷಕ. ಓದುತ್ತಾ ಒಂದು ಮಾತು ಹೇಳೋಣ ಅನಿಸಿತು. ಈ ಕೆಲಸಗಳನ್ನೆಲ್ಲಾ ಮಕ್ಕಳ ಕೈಲಿ ಮಾಡಿಸುತ್ತೀರಾ? ನನ್ನ ಮಗಳು ಹೋದ ವರ್ಷ ಬೆಂಚು ಎತ್ತಲು ಹೋಗಿ ಹೆಬ್ಬೆರಳು ಜಜ್ಜಿಕೊಂಡು ಬಂದಿದ್ದಳು. ಕೇಳಿದರೆ ಸ್ವಚ್ಛತಾ ದಿನ ಅಂದರು.

ಹಂಚಿನ ಸೂರು

ನಿಮ್ಮ ಮಾತು ನ್ಯಾಯ. ಬೆಂಚು ಎತ್ತುವುದು, ಸ್ಟೂಲು ಹತ್ತಿ ಮಕ್ಕಳ ಚಿತ್ರ ತೂಗುಹಾಕುವ ಚಪ್ಪರದ ದಾರ ಬಿಚ್ಚುವುದು, ಶೌಚಾಲಯ, ಇವು ಯಾವುವೂ ಮಕ್ಕಳ ಕೆಲಸ ಅಲ್ಲ. ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಕಾರ್ಡು ಎಣಿಸುವುದು ಬೇರೆ. ಮೂರನೇ ತರಗತಿಯವರಿಗೆ ಆನೆ ಚಿತ್ರದ ಕಾರ್ಡು ಎಲ್ಲಾ ಹುಡುಕಿ ತನ್ನಿ ಅಂದು ನೋಡಿ. ಕಪಾಟಿನ ಹಿಂದೆ ಬಿದ್ದದ್ದನ್ನೂ ಹೆಕ್ಕಿ ತರುತ್ತಾರೆ. ನನಗೆ ಸಿಗದ ಒಂಬತ್ತು ಕಾರ್ಡು ಹೋದ ವರ್ಷ ಅವರಿಗೆ ಸಿಕ್ಕಿತು. ಎರಡು ಒಬ್ಬನ ಚೀಲದಲ್ಲೇ ಇತ್ತು, ಅದನ್ನು ನಾನು ಕೇಳಲಿಲ್ಲ.

ಎರಡು ಮಕ್ಕಳ ತಂದೆ

ಅದು ಸರಿ ಬಿಡಿ. ಬೆಂಚು ಎತ್ತಲು ನಮ್ಮನ್ನು ಕರೆಯಿರಿ. ಫಲಿತಾಂಶದ ದಿನ ಹೇಗೂ ಬರುತ್ತೇವೆ, ಸುಮ್ನೆ ಕುರ್ಚಿ ಮೇಲೆ ಕೂತು ಭಾಷಣ ಕೇಳುವ ಬದಲು ಹತ್ತು ನಿಮಿಷ ಕೈ ಹಾಕುತ್ತೇವೆ.

ಮತಗಟ್ಟೆ ಮೇಡಂ (ಚಿತ್ರದುರ್ಗ ಕಡೆ)

ನನ್ನ ಹೆಸರು ನೋಡಿ ನಗಬೇಡಿ, ಕಾರಣ ಇದೆ. 2023ರ ಮೇ 10ರ ಮತದಾನಕ್ಕೆ ನನ್ನ ಕೊಠಡಿ ಮತಗಟ್ಟೆ ಆಗಿತ್ತು. ಗೋಡೆಗೆ ಹಾಕಿದ್ದ ಹವಾಮಾನ ನಕ್ಷೆ, ಪ್ರಗತಿ ನೋಟ, ಮಕ್ಕಳು ಬಿಡಿಸಿದ ಚಿತ್ರ ಎಲ್ಲಾ ಯಾರೋ ಕಿತ್ತು ಮೂಲೆಗೆ ಹಾಕಿದ್ದರು. ಯಾರನ್ನು ಕೇಳುವುದು? ಅವರಿಗೂ ರಾತ್ರಿಯೆಲ್ಲಾ ನಿದ್ದೆ ಇರಲಿಲ್ಲ ಪಾಪ. ನಾನೂ ಬೇರೆ ಊರಿನಲ್ಲಿ ಅದೇ ಕೆಲಸದಲ್ಲಿದ್ದೆ. ಅಲ್ಲಿಯ ಟೀಚರ್ ಚಾರ್ಟನ್ನು ನಾನೂ ಒಂದೆರಡು ಕಿತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅವತ್ತಿನಿಂದ ಚುನಾವಣೆ ಇರಲಿ ಬಿಡಲಿ, ಗೋಡೆ ಬರಿದು ಮಾಡಿಯೇ ಬೀಗ ಹಾಕುತ್ತೇನೆ. ಇಳಿಸುವ ಮೊದಲು ನಾಲ್ಕೂ ಗೋಡೆಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಮೇ 29ಕ್ಕೆ ಫೋಟೊ ನೋಡಿಕೊಂಡು ಹಾಕಿದರೆ ಅರ್ಧ ದಿನದ ಕೆಲಸ. ಹರಿದ ಚಿತ್ರಗಳನ್ನು ಎಸೆಯಬೇಡಿ, ಆಯಾ ಮಗುವಿಗೆ ಕೊಟ್ಟು ಕಳಿಸಿ.

ಇನ್ನೊಂದು. ಏಳನೇ ತರಗತಿ ಪೋಷಕರು ಅವತ್ತು ಬರುತ್ತಾರಲ್ಲ, ಟಿ.ಸಿ. ಬರೆಯುವ ಮುಂಚೆ ಮಗುವಿನ ಹೆಸರು, ಹುಟ್ಟಿದ ದಿನಾಂಕ, ತಂದೆತಾಯಿ ಹೆಸರು ಅವರ ಎದುರಿಗೆ ಓದಿ ಹೇಳಿ. ದಾಖಲಾತಿ ಪುಸ್ತಕದಲ್ಲಿ ಒಂದು, ಆಧಾರ್‌ನಲ್ಲಿ ಒಂದು ಇರುತ್ತದೆ. ರಜೆಯಲ್ಲಿ ಹೈಸ್ಕೂಲಿನವರು ಕೇಳಿದಾಗ ಹೆಡ್‌ಮಾಸ್ಟರ್ ಊರಲ್ಲಿ ಇರುವುದಿಲ್ಲ, ಬೀರುವಿನ ಕೀಲಿಕೈ ಅವರ ಜೊತೆ ಇರುತ್ತದೆ. ಪಾನಕದ ಮೇಜಿನ ಪಕ್ಕದಲ್ಲೇ ಈ ಮೇಜು ಹಾಕಿ, ಜನ ಅಲ್ಲಿಗೆ ತಾನಾಗಿ ಬರುತ್ತಾರೆ.

ಬಂಟ್ವಾಳದ ಟೀಚರ್

ನಮ್ಮ ಕಡೆ ಪಾನಕದ ಬದಲು ಪುನರ್ಪುಳಿ ಶರಬತ್ತು. ಒಣ ಸಿಪ್ಪೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ ಸಕ್ಕರೆ ಹಾಕಿದರೆ ಆಯಿತು. ಬಿಳಿ ಅಂಗಿಗೆ ಬಿದ್ದರೆ ಮಾತ್ರ ಹೋಗುವುದಿಲ್ಲ.

ಬಚ್ಚಂಗಾಯಿಯೂ ಸುಲಭ, ಅಂದರೆ ಕಲ್ಲಂಗಡಿ. ಅರವತ್ತು ಜನಕ್ಕೆ 15 ಕೆ.ಜಿ. ಸಾಕು. ಹೊರಗಿನ ಸಿಪ್ಪೆ ಚೆನ್ನಾಗಿ ತೊಳೆದು ಆಮೇಲೆ ಕತ್ತರಿಸಿ, ಮಣ್ಣು ಚಾಕುವಿನ ಜೊತೆ ಒಳಗೆ ಹೋಗುತ್ತದೆ. ಕತ್ತರಿಸಿದ್ದು ಕತ್ತರಿಸಿದ ಹಾಗೆ ಖಾಲಿ ಆಗಬೇಕು, ಮೊದಲೇ ಕತ್ತರಿಸಿ ಮುಚ್ಚಿಡಬಾರದು. ಸಿಪ್ಪೆ ದನಕ್ಕೆ.

ಕೋಸಂಬರಿಯನ್ನು ಅಷ್ಟು ಬೈಯಬೇಡಿ ಮಾರಾಯ್ರೆ. ತಪ್ಪು ಅದರದ್ದಲ್ಲ. ಉಪ್ಪು ಬಿದ್ದ ತಕ್ಷಣ ಸೌತೆಕಾಯಿ ನೀರು ಬಿಡುತ್ತದೆ. ನೆನೆದ ಹೆಸರುಬೇಳೆ ನೀರು ಬಸಿದು ಒಂದು ಡಬ್ಬಿ, ಸೌತೆಕಾಯಿ ಇಡಿಯಾಗಿ, ಒಗ್ಗರಣೆ ಪುಟ್ಟ ಡಬ್ಬಿಯಲ್ಲಿ. ಶಾಲೆಯಲ್ಲಿ ಹೆಚ್ಚಿ, ಕಲಸಿ, ಉಪ್ಪು ನಿಂಬೆ ಕಡೆಗೆ. ಕಾಯಿ ಬೇಕೇ ಬೇಕು ಅಂದರೆ ಅಲ್ಲೇ ಒಡೆದು ತುರಿಯಿರಿ. ತಿಪಟೂರಿನಲ್ಲಿ ತೆಂಗಿನಕಾಯಿಗೆ ಬರವಾ?

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ನಾವು ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ಕಲಿಸುವ ಪೋಷಕರು. ನಮಗೆ ವರ್ಷ ಮುಗಿಯುವುದು ಜೂನ್‌ನಲ್ಲಿ, ಪಾರ್ಕಿನಲ್ಲಿ ಸೇರುತ್ತೇವೆ. ಇಲ್ಲಿ ಮೊದಲ ಪ್ರಶ್ನೆಯೇ ಯಾರಿಗೆ ಏನು ಅಲರ್ಜಿ ಅಂತ. ಶೇಂಗಾ ಪೂರ್ತಿ ಬಂದ್. ಚುರುಮುರಿಗೆ ಶೇಂಗಾ ಬದಲು ಹುರಿಗಡಲೆ ಹಾಕುತ್ತೇವೆ. ಅಲ್ಲೂ ಒಂದು ಸಲ ಪೋಷಕರನ್ನು ಕೇಳಿಬಿಡಿ, ಗೊತ್ತಿದ್ದೂ ಹೇಳದೆ ಇರುವವರು ಇರುತ್ತಾರೆ.

ಕೊಠಡಿ ಬಗ್ಗೆ ಹೇಳಲು ನನಗೆ ಕೊಠಡಿಯೇ ಇಲ್ಲ. ನಮ್ಮ ಅಕ್ಷರದ ಕಾರ್ಡುಗಳೆಲ್ಲಾ ವರ್ಷಪೂರ್ತಿ ಕಾರಿನ ಡಿಕ್ಕಿಯಲ್ಲಿ. ಹೋದ ತಿಂಗಳು ತರಕಾರಿ ಚೀಲದಿಂದ 'ಳ' ಸಿಕ್ಕಿತು.

ತೆಂಗಿನತೋಟದ ಮಿಸ್ (ಏಪ್ರಿಲ್ 10, ರಾತ್ರಿ)

ಈಗ ಮನೆಗೆ ಬಂದೆ, ಕಾಲು ಬಿದ್ದುಹೋಗಿದೆ. ಆದರೂ ಬರೆಯದೆ ಮಲಗಲು ಮನಸ್ಸಾಗಲಿಲ್ಲ.

ಗಿರ್ಮಿಟ್, ಪಾನಕ, ಕಲ್ಲಂಗಡಿ. ಮೂರೇ. ಬಿಸಿಯೂಟದ ತಟ್ಟೆ ಲೋಟ ಬಳಸಿದೆವು. ಏಳನೇ ತರಗತಿಯವರು ನಮಗೆ ಬೀಳ್ಕೊಡುಗೆ ಅಲ್ವಾ, ನಾವ್ಯಾಕೆ ಬಡಿಸಬೇಕು ಅಂತ ಮೊದಲು ಮುಖ ಊದಿಸಿದರು. ಆಮೇಲೆ ಬೋಗುಣಿ ಬಿಟ್ಟುಕೊಡಲಿಲ್ಲ. ಒಬ್ಬ ಕಲಸುತ್ತಾನೆ, ಒಬ್ಬಳು ಉಪ್ಪು ನೋಡುತ್ತಾಳೆ, ಉಪ್ಪು ನೋಡುವವಳೇ ಎರಡು ತಟ್ಟೆ ತಿಂದಳು. ನಾಚಿಕೆ ಸ್ವಭಾವದ ಒಬ್ಬ ಹುಡುಗ ಇದ್ದಾನೆ, ಏಳು ವರ್ಷದಲ್ಲಿ ನನ್ನ ಹತ್ತಿರ ಏಳು ಮಾತು ಆಡಿರಲಿಲ್ಲ. ಇವತ್ತು ಬಂದು "ಮಿಸ್, ನಿಮಗೆ ಖಾರ ಹಾಕ್ಲಾ?" ಅಂದ.

ಟಿ.ಸಿ. ಮೇಜಿನಲ್ಲಿ ಮೂರು ಹೆಸರು ತಪ್ಪು ಸಿಕ್ಕಿತು. ಮತಗಟ್ಟೆ ಮೇಡಂಗೆ ದೊಡ್ಡ ನಮಸ್ಕಾರ. ಬೆಂಚು ಅಪ್ಪಂದಿರು ಎತ್ತಿದರು. ತಗಡಿನ ಟ್ರಂಕು ಒಬ್ಬ ಅಜ್ಜಿ ಮನೆಯಿಂದ ಬಂತು, ಅವರ ಮದುವೆಯದಂತೆ. ಕಾರ್ಡಿನಲ್ಲಿ ಹನ್ನೊಂದು ಇಲ್ಲ, ಪಟ್ಟಿಯನ್ನು ಮೂರನೇ ತರಗತಿಯ ಹುಡುಗಿ ಬರೆದು ಮುಚ್ಚಳಕ್ಕೆ ಅಂಟಿಸಿದಳು. ಬಿಳಿ ಗೋಂದು, ಸರ್!

ಒಟ್ಟು ಖರ್ಚು 1640. ಕಲ್ಲಂಗಡಿ ಸ್ವಲ್ಪ ಜಾಸ್ತಿ ತಂದುಬಿಟ್ಟೆ.

ತೆಂಗಿನತೋಟದ ಮಿಸ್ (ಮೇ 29)

ಟ್ರಂಕು ತೆಗೆದೆ. ಒಂದು ಕಾರ್ಡಿನ ಮೂಲೆಯೂ ಹೋಗಿಲ್ಲ. ಬೇವಿನ ಸೊಪ್ಪು ಪುಡಿಪುಡಿ ಆಗಿ ಎಲ್ಲಾ ಕಡೆ ಉದುರಿದೆ, ಅದನ್ನು ಕೊಡವುವುದೇ ಒಂದು ಕೆಲಸ.

ಆದರೆ ಗೋಡೆ ಕಪಾಟಿನಿಂದ ಬಾಗಿಲ ತನಕ ಇರುವೆ ಸಾಲು. ನೋಡಿದರೆ ಅರ್ಧ ಪೊಟ್ಟಣ ಸೇವು. ಯಾರು ಇಟ್ಟರೋ ಗೊತ್ತಿಲ್ಲ, ನಾನೇ ಇರಬೇಕು.

ಧಾರವಾಡದ ಅಕ್ಕೋರು

ಸೇವು ಉಳಿಯಿತಾ? ಹಾಗಾದರೆ ಮೇಲೆ ಕಡಿಮೆ ಉದುರಿಸಿದ್ದೀರಿ.